ವಸಡಿಗೆ ಲೇಸರ್ ಪ್ಯಾಕೇಜ್ ಅಂದರೆ ದುಡ್ಡು ಬಿಚ್ಚಬೇಡಿ, ಮೊದಲು ಇದನ್ನು ಓದಿ

ತುಮಕೂರಿನವರು ದಯವಿಟ್ಟು ಪೂರ್ತಿ ಓದಿ. ಕ್ಲಿನಿಕ್ ಹೆಸರು ಹಾಕುತ್ತಿಲ್ಲ, ಆದರೆ ಹೊಟ್ಟೆ ಉರಿಯುತ್ತಿದೆ.

ಅಮ್ಮನಿಗೆ ಶುಗರ್ ಇದೆ. ಬ್ರಷ್ ಮಾಡಿದರೆ ರಕ್ತ, ವಸಡು ಊತ, ಕೆಳಗಿನ ಹಲ್ಲು ಅಲ್ಲಾಡೋಕೆ ಶುರುವಾಗಿತ್ತು. ಇಂಥದ್ದಕ್ಕೆ ಯಾರೇ ಆದರೂ ಮೊದಲು ಕ್ಲೀನಿಂಗ್ ಮಾಡ್ತಾರೆ, ಅಲ್ವಾ? ಇವರು ಮಾಡಲಿಲ್ಲ. "ಅದೆಲ್ಲ ಹಳೇದು ಮೇಡಂ, ಕೆರೆದರೆ ಹಲ್ಲು ಸಡಿಲ ಆಗುತ್ತೆ. ಲೇಸರ್ ಕೊಡೋಣ, ನೋವಿಲ್ಲ, ರಕ್ತ ಇಲ್ಲ" ಅಂದರು. ಪ್ಯಾಕೇಜ್ 12,000 ರೂಪಾಯಿ, ಪೂರ್ತಿ ಮುಂಗಡ.

ಹೋದಾಗಲೆಲ್ಲ ಕಣ್ಣಿಗೆ ಕನ್ನಡಕ, ಒಂದೆರಡು ನಿಮಿಷ ಕೆಂಪು ಬೆಳಕು, ಅಷ್ಟೇ. ಅಮ್ಮನಿಗೆ ನೋವಂತೂ ಆಗಲಿಲ್ಲ. ಆಗೋದೂ ಇಲ್ಲ ಬಿಡಿ, ಅರ್ಧ ವಾಟ್‌ಗಿಂತ ಕಡಿಮೆ ಶಕ್ತಿಯ ಬೆಳಕು ಅದು. ಕೊಯ್ಯಲ್ಲ, ಸುಡಲ್ಲ.

ರಕ್ತ ಮಾತ್ರ ನಿಲ್ಲಲಿಲ್ಲ. ಕೊನೆಗೆ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆ. ವಸಡಿನ ಡಾಕ್ಟರ್ ಸಣ್ಣ ಕಡ್ಡಿ ಇಳಿಸಿ ಅಳೆದರು. ಹಲ್ಲು ವಸಡಿನ ಸಂದು 3 ಮಿ.ಮೀ. ಒಳಗಿರಬೇಕಂತೆ, ಅಮ್ಮನಿಗೆ 6 ಇತ್ತು.

"ಕ್ಲೀನಿಂಗ್ ಯಾವಾಗ ಮಾಡಿಸಿದ್ರಿ?"

"ಲೇಸರ್ ಆಗಿದೆ ಸಾರ್."

"ಲೇಸರ್ ಸರಿ ಅಮ್ಮ, ಕ್ಲೀನಿಂಗ್?"

ಸುತ್ತ ನಿಂತಿದ್ದ ಸ್ಟೂಡೆಂಟ್‌ಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಮುಖ ಎಲ್ಲಿಡೋದು? 12,000 ಕೊಟ್ಟು ಬಾಯಿಗೆ ಟಾರ್ಚ್ ಹೊಡೆಸಿಕೊಂಡು ಬಂದ ಹಾಗಾಗಿತ್ತು.

ವಸಡಿನ ಕೆಳಗೆ ಕಲ್ಲಾಗಿ ಕೂತ ಕೊಳೆ ಬೆಳಕಿಗೆ ಕರಗಲ್ಲ. ಅದನ್ನು ಕೆರೆದೇ ತೆಗೆಯಬೇಕು. ಲೇಸರ್ ಏನಿದ್ದರೂ ಅದರ ಜೊತೆಗೆ. ಆಗ ಊತ, ನೋವು ಸ್ವಲ್ಪ ಬೇಗ ಇಳಿಯಬಹುದು. ಯುರೋಪಿನ ವಸಡು ತಜ್ಞರ 2020ರ ಮಾರ್ಗಸೂಚಿಯಲ್ಲಂತೂ ಆಳದ ಕ್ಲೀನಿಂಗ್ ಜೊತೆಗೂ ಲೇಸರ್ ಬೇಡ ಅಂತಲೇ ಸಲಹೆ ಇದೆ. ಜೊತೆಗೇ ಬೇಡ ಅಂತಾರೆ, ಇವರು ಅದೊಂದನ್ನೇ ಮಾರಿದ್ದಾರೆ!

ವಾಪಸ್ ಹೋಗಿ ಕೇಳಿದೆ. "ನೋವಾಗಬಾರದು ಅಂತ ನೀವೇ ಹೇಳಿದ್ರಲ್ಲ ಮೇಡಂ?" ಅಂದರು. ಆಮೇಲೆ, "ಶುಗರ್ ಇರೋರಿಗೆ ನಿಧಾನ." ಶುಗರ್ ಇರೋದು ಮೊದಲ ದಿನವೇ ಅವರ ಚೀಟಿಯಲ್ಲಿ ಬರೆದಿದೆ, ಆಗ ಯಾಕೆ ಹೇಳಲಿಲ್ಲ? ಕೊನೆಗೆ ಬಂದ ಉತ್ತರ ಕೇಳಿ: "ಕ್ಲೀನಿಂಗ್ ಪ್ಯಾಕೇಜಲ್ಲಿ ಬರಲ್ಲ, ಅದು ಬೇರೆ ಚಾರ್ಜ್. ನಿಮಗೆ ಡಿಸ್ಕೌಂಟ್ ಕೊಡ್ತೀವಿ." ಕೆರೆದರೆ ಹಲ್ಲು ಸಡಿಲ ಆಗುತ್ತೆ ಅಂದವರು ಇವರೇ! ಡಿಸ್ಕೌಂಟ್ ಕೊಟ್ಟರೆ ಆಗಲ್ವಾ?

ದುಡ್ಡು ವಾಪಸ್ ಕೊಡಿ ಅಂತ ವಾಟ್ಸ್‌ಆ್ಯಪ್ ಮಾಡಿದೆ. ಕೈಮುಗಿಯುವ ಎಮೋಜಿ ಬಂತು. ಅಷ್ಟೇ.

ಸಂದು ಅಳೆಯದೆ, ಕ್ಲೀನಿಂಗ್ ಮಾಡದೆ ಲೇಸರ್ ಅಂದರೆ ಎದ್ದು ಬನ್ನಿ. ಮುಂಗಡ ಕೊಡಲೇಬೇಡಿ. ಬಿಲ್ ಇಸ್ಕೊಳ್ಳಿ. ನನಗೆ ಕೊಟ್ಟಿರೋದು ಸೀಲೂ ಇಲ್ಲದ ಬಿಳಿ ಚೀಟಿ. ಅದನ್ನೇ ಹಿಡಿದುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. ನಾವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ. ಇದೇ ಥರ ಚೀಟಿ ಇರುವವರು ನನಗೆ ಮೆಸೇಜ್ ಮಾಡಿ.