ಅಗ್ಗದ ಪ್ರೊಸೆಸರ್ ಸಿಕ್ಕರಷ್ಟೇ ಅಗ್ಗ: ರೈಜೆನ್ 3 3100 ಜೊತೆಗಿನ ವರ್ಷಗಳು

ಮೊದಲೇ ಹೇಳಿಬಿಡುತ್ತೇನೆ: ರೈಜೆನ್ 3 3100 ಕೊಟ್ಟ ಹಣಕ್ಕೆ ಮೋಸ ಮಾಡದ ಕಂಪ್ಯೂಟರ್ ಪ್ರೊಸೆಸರ್. ವರ್ಷಗಟ್ಟಲೆ ದುಡಿಸಿಕೊಂಡ ಮೇಲೂ ಅದರ ಬಗ್ಗೆ ನನಗೆ ದೊಡ್ಡ ದೂರುಗಳಿಲ್ಲ. ದೂರು ಇರುವುದು ಅಗ್ಗದ ಪ್ರೊಸೆಸರ್‌ಗಳ ವಿಮರ್ಶೆಗಳ ಮೇಲೆ. ಅವು ಬಿಡುಗಡೆಯ ವಾರದಲ್ಲೇ ಬರುತ್ತವೆ, ಕಂಪನಿ ಘೋಷಿಸಿದ ಬೆಲೆಯಿಂದ ಆಟಗಳಲ್ಲಿ ಸೆಕೆಂಡಿಗೆ ಮೂಡುವ ಫ್ರೇಮ್‌ಗಳ ಲೆಕ್ಕವನ್ನು ಭಾಗಿಸುತ್ತವೆ, ಈ ಬೆಲೆಗೆ ಇದಕ್ಕೆ ಸಾಟಿಯಿಲ್ಲ ಎಂದು ಮುಗಿಸುತ್ತವೆ. ಆ ಸರಕು ಆ ಬೆಲೆಗೆ ಎಲ್ಲಾದರೂ ಸಿಗುತ್ತಿದೆಯೇ ಎಂದು ನೋಡಲು ಕೆಲವು ತಿಂಗಳ ನಂತರ ಯಾರೂ ಹಿಂತಿರುಗಿ ಬರುವುದಿಲ್ಲ. ದುಬಾರಿ ಪ್ರೊಸೆಸರ್ ಕೊಳ್ಳುವವರನ್ನು ಈ ಪ್ರಶ್ನೆ ಅಷ್ಟಾಗಿ ಕಾಡದು. ಅಗ್ಗದ್ದನ್ನು ಹುಡುಕುವವರಿಗೆ ಇದೇ ಮೊದಲ ಪ್ರಶ್ನೆ.

2020ರ ಮೇ ತಿಂಗಳಲ್ಲಿ ರೈಜೆನ್ ತಯಾರಿಸುವ ಎಎಂಡಿ ಕಂಪನಿ ಎರಡು ಪುಟ್ಟ ಪ್ರೊಸೆಸರ್‌ಗಳನ್ನು ಒಟ್ಟಿಗೆ ಮಾರುಕಟ್ಟೆಗೆ ಬಿಟ್ಟಿತು: 99 ಡಾಲರಿನ ರೈಜೆನ್ 3 3100 ಮತ್ತು 120 ಡಾಲರಿನ 3300ಎಕ್ಸ್. ಎರಡರಲ್ಲೂ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ); ಎರಡರಲ್ಲೂ 16 ಎಂಬಿ ಎಲ್3 ಕ್ಯಾಷ್, ಅಂದರೆ ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ; ಎರಡೂ 65 ವಾಟ್. ಕಾಗದದ ಮೇಲೆ ಕಾಣುವ ವ್ಯತ್ಯಾಸ ವೇಗದಲ್ಲಿ ಮಾತ್ರ, ಗರಿಷ್ಠ ವೇಗ 3.9 ಗಿಗಾಹರ್ಟ್ಸ್ ಮತ್ತು 4.3. ನಿಜವಾದ ವ್ಯತ್ಯಾಸ ಮುಚ್ಚಳದ ಕೆಳಗಿದೆ. ಆ ಪೀಳಿಗೆಯ ಚಿಪ್ಪಿನಲ್ಲಿ ನಾಲ್ಕು ನಾಲ್ಕು ಕೋರ್‌ಗಳ ಎರಡು ಗುಂಪುಗಳಿರುತ್ತವೆ. 3300ಎಕ್ಸ್‌ನಲ್ಲಿ ನಾಲ್ಕೂ ಕೋರ್‌ಗಳು ಒಂದೇ ಗುಂಪಿನವು, 16 ಎಂಬಿ ಕ್ಯಾಷ್ ಪೂರ್ತಿ ಅವುಗಳ ಕೈಗೆಟುಕುತ್ತದೆ. 3100ರಲ್ಲಿ ಗುಂಪಿಗೆ ಎರಡರಂತೆ ಹಂಚಿಹೋಗಿವೆ, ಕ್ಯಾಷ್ ಕೂಡ ಎಂಟು ಎಂಟಾಗಿ ಒಡೆದಿದೆ. ಒಂದು ಗುಂಪಿನ ಕೋರ್‌ಗೆ ಇನ್ನೊಂದರ ಬಳಿಯಿರುವ ಮಾಹಿತಿ ಬೇಕೆಂದರೆ ಸುತ್ತು ಹಾಕಿ ಬರಬೇಕು. ಆಟಗಳಲ್ಲಿ ಈ ಸುತ್ತಿನ ಬೆಲೆ ಚೆನ್ನಾಗಿಯೇ ತಿಳಿಯುತ್ತದೆ.

ಹಾಗಾಗಿ ವಿಮರ್ಶಕರೆಲ್ಲ 3300ಎಕ್ಸ್ ಅನ್ನು ಹೊಗಳಿದರು. ಹೊಗಳಿಕೆ ನ್ಯಾಯವಾದದ್ದೇ. ಆದರೆ ಕೊಳ್ಳಲು ಹೊರಟವರಿಗೆ ಅದು ಕನ್ನಡಿಯೊಳಗಿನ ಗಂಟಾಯಿತು. ಬಿಡುಗಡೆಯಾದ ಸ್ವಲ್ಪ ಕಾಲದಲ್ಲೇ ಅದು ಅಂಗಡಿಗಳಿಂದ ಮಾಯವಾಯಿತು. ಅಲ್ಲೊಂದು ಇಲ್ಲೊಂದು ಕಂಡರೆ ಆರು ಕೋರ್‌ಗಳ ರೈಜೆನ್ 5 3600 ಬೆಲೆಯನ್ನು ಮುಟ್ಟುವಂತಿರುತ್ತಿತ್ತು. ನಾನು ಕೊಂಡದ್ದು 3100, ಏಕೆಂದರೆ ಅದು ದಾಸ್ತಾನಿನಲ್ಲಿತ್ತು. ಇದಕ್ಕಿಂತ ಘನವಾದ ಕಾರಣವೇನೂ ಇರಲಿಲ್ಲ.

ತಯಾರಕರ ಕಡೆಯಿಂದ ನೋಡಿದರೆ ಈ ಕೊರತೆ ಆಶ್ಚರ್ಯದ ಸಂಗತಿಯಲ್ಲ. 3100, 3600, 3700ಎಕ್ಸ್, ಅಷ್ಟೇ ಏಕೆ, ಸರ್ವರ್‌ಗಳಿಗೆ ಹೋಗುವ ಎಪಿಕ್ ಪ್ರೊಸೆಸರ್‌ಗಳೂ ಒಂದೇ ಬಗೆಯ ಎಂಟು ಕೋರ್‌ಗಳ ತುಣುಕಿನಿಂದ ಹುಟ್ಟುತ್ತವೆ. ಎಲ್ಲ ಕೋರ್‌ಗಳೂ ಸರಿಯಿದ್ದರೆ ಅದು ದುಬಾರಿ ಮಾದರಿಯಾಗುತ್ತದೆ, ಒಂದೆರಡು ಕೆಟ್ಟಿದ್ದರೆ ಆರು ಕೋರ್‌ಗಳದ್ದಾಗುತ್ತದೆ, ಇನ್ನೂ ಹೆಚ್ಚು ಕೆಟ್ಟಿದ್ದರೆ ನಾಲ್ಕರದ್ದು. ಕಾರ್ಖಾನೆ ಚೆನ್ನಾಗಿ ನಡೆಯುತ್ತಿದ್ದರೆ ಅಷ್ಟು ಕೆಟ್ಟ ತುಣುಕುಗಳು ಹೇಗೆ ಸಿಗಬೇಕು? 3300ಎಕ್ಸ್‌ಗಂತೂ ಒಂದು ಗುಂಪು ಪೂರ್ತಿ ನೆಟ್ಟಗಿರಬೇಕು, ಅದೂ ಹೆಚ್ಚು ವೇಗದಲ್ಲಿ ಓಡುವಂತಿರಬೇಕು. ಹೆಚ್ಚು ಹಣ ತರಬಲ್ಲ ತುಣುಕನ್ನು 120 ಡಾಲರಿಗೆ ಮಾರುವ ಹಂಬಲ ಯಾವ ಕಂಪನಿಗೂ ಇರುವುದಿಲ್ಲ. ಉಪ ಉತ್ಪನ್ನದ ಪೂರೈಕೆ ಗಿರಾಕಿಯ ಬೇಡಿಕೆಯನ್ನು ನೋಡಿ ನಡೆಯುವುದಿಲ್ಲ.

ಇದು ಎಎಂಡಿಯ ಕಥೆ ಮಾತ್ರವಲ್ಲ. 2017ರ ಜನವರಿಯಲ್ಲಿ ಬಂದ ಇಂಟೆಲ್‌ನ ಪೆಂಟಿಯಮ್ ಜಿ4560 ಎರಡು ಕೋರ್‌ಗಳಿಗೆ ನಾಲ್ಕು ಥ್ರೆಡ್ ಕೊಟ್ಟು, ಇಂಟೆಲ್‌ನದೇ ಆದ, ತನಗಿಂತ ದುಬಾರಿಯಾದ ಕೋರ್ ಐ3ಗಳ ಮಾರಾಟಕ್ಕೇ ಸವಾಲೆಸೆದಿತ್ತು. ಅದೇ ವರ್ಷ ಅದು ಸಿಗುವುದು ಕಷ್ಟವಾಯಿತು, ಬೆಲೆಯೂ ಏರಿತು. 2018ರಲ್ಲಿ ಇಂಟೆಲ್‌ನ 14 ನ್ಯಾನೊಮೀಟರ್ ತಯಾರಿಕೆ ಬೇಡಿಕೆಗೆ ಸಾಲದೆ ಬಂದಾಗ, ಸರ್ವರ್‌ಗಳ ಝಿಯಾನ್ ಮತ್ತು ದುಬಾರಿಯಾದ ‘ಕೋರ್’ ಹೆಸರಿನ ಸರಣಿಗೆ ಆದ್ಯತೆ ಕೊಡುತ್ತೇವೆ ಎಂದು ಕಂಪನಿಯೇ ಬಹಿರಂಗ ಪತ್ರದಲ್ಲಿ ಹೇಳಿತು. ಅಗ್ಗದ ಪೆಂಟಿಯಮ್, ಸೆಲೆರಾನ್ ಹೆಸರು ಅದರಲ್ಲಿರಲಿಲ್ಲ. ಸಾಲಿನ ಕೊನೆಯಲ್ಲಿ ನಿಂತವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಇನ್ನು ಬಳಕೆಯ ಮಾತು. ಬ್ರೌಸರ್‌ನಲ್ಲಿ ಹತ್ತಾರು ಪುಟಗಳು, ಲೆಕ್ಕಪತ್ರ, ಫೋಟೊ ತಿದ್ದುವುದು, ಆಗಾಗ ಸಣ್ಣಪುಟ್ಟ ಕೋಡ್ ಕಂಪೈಲ್ ಮಾಡುವುದು, ಸಂಜೆ ಒಂದೆರಡು ಆಟ: ಇಷ್ಟಕ್ಕೆ 3100 ಎಂದೂ ಉಬ್ಬಸಪಡಲಿಲ್ಲ. ವಿಡಿಯೊ ಕರೆ ನಡೆಯುತ್ತಿರುವಾಗ ಹಿನ್ನೆಲೆಯಲ್ಲಿ ಫೈಲುಗಳನ್ನು ಜಿಪ್ ಮಾಡಲು ಬಿಟ್ಟರೆ ಮಾತ್ರ ಸುಸ್ತು ಕಾಣಿಸುತ್ತಿತ್ತು. ದೊಡ್ಡ ವಿಡಿಯೊ ಎನ್‌ಕೋಡ್ ಮಾಡುವವರು ನಾಲ್ಕು ಕೋರ್‌ಗಳ ಕಡೆ ತಿರುಗಿ ನೋಡದಿರುವುದೇ ಒಳ್ಳೆಯದು.

ಈ ಪ್ರೊಸೆಸರ್‌ನ ಹಣೆಬರಹವನ್ನು ಬದಲಿಸುವ ಸೆಟ್ಟಿಂಗ್ ಒಂದಿದೆ. 3200ರ ವೇಗದ ಮೆಮೊರಿ ಹಾಕಿದರೂ ಬಹುಪಾಲು ಮದರ್‌ಬೋರ್ಡ್‌ಗಳು ಅದನ್ನು 2133ರಲ್ಲೋ 2666ರಲ್ಲೋ ಓಡಿಸುತ್ತಿರುತ್ತವೆ. ಮದರ್‌ಬೋರ್ಡ್‌ನ ಮೂಲ ತಂತ್ರಾಂಶವಾದ ಬಯೋಸ್‌ಗೆ ಹೋಗಿ, ಮೆಮೊರಿಯನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಎಂಬುದನ್ನು ನಾವೇ ಚಾಲೂ ಮಾಡಬೇಕು. ರೈಜೆನ್‌ನಲ್ಲಿ ಒಳಗಿನ ಸಂಪರ್ಕದ ವೇಗ ಮೆಮೊರಿಯ ವೇಗಕ್ಕೆ ಕಟ್ಟುಬಿದ್ದಿದೆ. 3100ರ ಕೋರ್ ಗುಂಪುಗಳು ಮಾತಾಡಿಕೊಳ್ಳುವುದೂ ಅದೇ ದಾರಿಯಲ್ಲಿ. ಆದ್ದರಿಂದ ಇಲ್ಲಿನ ಲಾಭ ಬೇರೆ ಪ್ರೊಸೆಸರ್‌ಗಳಿಗಿಂತ ಹೆಚ್ಚು. ಒಂದೇ ಕಡ್ಡಿಯ ಬದಲು ಎರಡು ಕಡ್ಡಿ ಮೆಮೊರಿ ಹಾಕುವುದೂ ಅಷ್ಟೇ ಮುಖ್ಯ. ಈ ಎರಡನ್ನೂ ಮಾಡದೆ ‘ಯಂತ್ರ ನಿಧಾನ’ ಎನ್ನುವವರನ್ನು ನಾನು ಎಷ್ಟೋ ಕಂಡಿದ್ದೇನೆ.

ಫ್ಯಾನ್ ಬಗ್ಗೆ ಒಂದು ಮಾತು. ಈ ಪೀಳಿಗೆಯ ರೈಜೆನ್ ಒಂದು ವೆಬ್ ಪುಟ ತೆರೆದರೂ ಕ್ಷಣಮಾತ್ರ ಗರಿಷ್ಠ ವೇಗಕ್ಕೆ ಜಿಗಿಯುತ್ತದೆ, ಉಷ್ಣತೆ ಹತ್ತು ಡಿಗ್ರಿ ಏರಿ ಮರುಕ್ಷಣ ಇಳಿಯುತ್ತದೆ. ಫ್ಯಾನ್ ಅದನ್ನು ಹಿಂಬಾಲಿಸಿ ಗುಂಯ್ ಎಂದು ಎದ್ದು, ತಣ್ಣಗಾಗಿ, ಮತ್ತೆ ಏಳುತ್ತದೆ. ಬಯೋಸ್‌ನಲ್ಲಿ ಫ್ಯಾನ್ ಪ್ರತಿಕ್ರಿಯೆಯನ್ನು ಕೆಲವು ಸೆಕೆಂಡ್ ತಡ ಮಾಡಿ, 60 ಡಿಗ್ರಿವರೆಗೆ ವೇಗವನ್ನು ಸಮವಾಗಿಟ್ಟರೆ ಕೋಣೆ ಶಾಂತ. ಹೊಸ ಕೂಲರ್‌ಗೆ ಹಣ ಹಾಕುವ ಮೊದಲು ಇದನ್ನು ಮಾಡಿ ನೋಡಿ.

3100ರೊಳಗೆ ಗ್ರಾಫಿಕ್ಸ್ ಇಲ್ಲ. ಇದನ್ನು ಅನೇಕರು ಅಡಿಟಿಪ್ಪಣಿಯಂತೆ ಹೇಳಿ ಮುಂದೆ ಹೋಗುತ್ತಾರೆ. 2020ರ ಕೊನೆಯಿಂದ ಗ್ರಾಫಿಕ್ಸ್ ಕಾರ್ಡ್‌ಗಳ ಬರ ಬಂದಾಗ ಆ ಅಡಿಟಿಪ್ಪಣಿಯೇ ಮುಖ್ಯ ವಾಕ್ಯವಾಯಿತು. ಹಳೆಯ ಕಾರ್ಡ್ ಕೈಯಲ್ಲಿದ್ದವರು ಪಾರಾದರು. ಇಲ್ಲದವರ ಮೇಜಿನ ಮೇಲೆ ಹೊಚ್ಚಹೊಸ ಯಂತ್ರ ಪರದೆಗೆ ಒಂದು ಅಕ್ಷರವನ್ನೂ ಮೂಡಿಸಲಾರದೆ ಕುಳಿತಿತ್ತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಅದೇ ಸ್ಥಿತಿ. ಐ3-12100ಎಫ್ ಮತ್ತು ಐ3-12100 ನಡುವೆ ಸ್ವಲ್ಪವೇ ಅಂತರವಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಕಾರ್ಡ್ ಕೆಟ್ಟ ದಿನ ಕೆಲಸ ನಿಲ್ಲುವುದಿಲ್ಲ, ವಿಡಿಯೊ ಡಿಕೋಡ್ ಕೆಲಸಕ್ಕೂ ಅದು ನೆರವಾಗುತ್ತದೆ, ಮುಂದೆ ಮಾರುವಾಗ ಕೊಳ್ಳುವವರೂ ಹೆಚ್ಚು.

3100ರ ಅತಿ ದೊಡ್ಡ ಗುಣ ಅದರೊಳಗಿಲ್ಲ, ಮದರ್‌ಬೋರ್ಡ್ ಮೇಲೆ ಅದು ಕುಳಿತ ಸಾಕೆಟ್‌ನಲ್ಲಿದೆ. ಎಎಂ4 ಸಾಕೆಟ್ 2016ರಲ್ಲಿ ಬಂದದ್ದು. 2024ರಲ್ಲೂ ಎಎಂಡಿ ಅದಕ್ಕೆ 5700ಎಕ್ಸ್3ಡಿ, 5600ಜಿಟಿಯಂಥ ಹೊಸ ಪ್ರೊಸೆಸರ್‌ಗಳನ್ನು ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ರೈಜೆನ್ 5 5600 ಬಂತು: ಆರು ಕೋರ್, 32 ಎಂಬಿ ಕ್ಯಾಷ್, ಎಲ್ಲ ಕೋರ್‌ಗಳೂ ಒಂದೇ ಗುಂಪಿನಲ್ಲಿ. ಬೆಲೆ ಇಳಿಯುವವರೆಗೆ ಕಾದು ಅದನ್ನು ತಂದೆ. ಮದರ್‌ಬೋರ್ಡ್, ಮೆಮೊರಿ, ಕೂಲರ್ ಯಾವುದನ್ನೂ ಬದಲಿಸಲಿಲ್ಲ. ಮೊದಲು 3100 ಕುಳಿತಿರುವಾಗಲೇ ಬಯೋಸ್ ಪರಿಷ್ಕರಿಸಿಕೊಂಡೆ. ಹೊಸ ಪ್ರೊಸೆಸರನ್ನು ಹಳೆಯ ಬಯೋಸ್ ಗುರುತಿಸುವುದಿಲ್ಲ, ಪ್ರೊಸೆಸರ್ ಇಲ್ಲದೆ ಬಯೋಸ್ ಬದಲಿಸುವ ಸೌಲಭ್ಯ ಎಲ್ಲ ಅಗ್ಗದ ಬೋರ್ಡ್‌ಗಳಲ್ಲಿ ಇರುವುದಿಲ್ಲ.

ಬದಲಿಸುವವರಿಗೆ ಒಂದು ಎಚ್ಚರಿಕೆ. ಎಎಂ4 ಪ್ರೊಸೆಸರ್‌ನ ಪಿನ್ನುಗಳು ಪ್ರೊಸೆಸರ್‌ನ ಅಡಿಯಲ್ಲೇ ಇರುತ್ತವೆ, ಸಾಕೆಟ್ ಅವನ್ನು ಬದಿಯಿಂದ ಹಿಡಿದುಕೊಂಡಿರುತ್ತದೆ ಅಷ್ಟೇ. ಒಣಗಿದ ಥರ್ಮಲ್ ಪೇಸ್ಟ್ ಗೋಂದಿನಂತೆ ಗಟ್ಟಿಯಾಗಿ, ಕೂಲರನ್ನು ನೇರವಾಗಿ ಮೇಲಕ್ಕೆಳೆದರೆ ಪ್ರೊಸೆಸರ್ ಅದಕ್ಕೆ ಅಂಟಿಕೊಂಡೇ ಕಿತ್ತು ಬರುತ್ತದೆ. ಹಾಗಾಗಿ ಯಂತ್ರವನ್ನು ಹತ್ತು ಹದಿನೈದು ನಿಮಿಷ ಭಾರವಾದ ಕೆಲಸಕ್ಕೆ ಹಚ್ಚಿ ಪೇಸ್ಟ್ ಮೆತ್ತಗಾದ ಮೇಲೆ, ವಿದ್ಯುತ್ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಗಿಸುತ್ತ ಬಿಡಿಸಬೇಕು. ಬಾಗಿದ ಪಿನ್ನನ್ನು ಲೆಡ್ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಯಿಂದ ನೆಟ್ಟಗೆ ಮಾಡಬಹುದು. ಮುರಿದದ್ದಕ್ಕೆ ಮದ್ದಿಲ್ಲ.

5600ರ ಪಕ್ಕದಲ್ಲೇ 5500 ಮತ್ತು 5600ಜಿ ಕಾಣಸಿಗುತ್ತವೆ, ಹೆಸರು ನೋಡಿದರೆ ಒಡಹುಟ್ಟಿದವರು ಎನಿಸುತ್ತದೆ. ಹಾಗಲ್ಲ. ಅವುಗಳ ಕ್ಯಾಷ್ 16 ಎಂಬಿ ಮಾತ್ರ, ಗ್ರಾಫಿಕ್ಸ್ ಕಾರ್ಡಿಗೆ ಮಾಹಿತಿ ಸಾಗುವ ದಾರಿಯಾದ ಪಿಸಿಐಇ ಕೂಡ ಮೂರನೆಯ ಪೀಳಿಗೆಯದು. ಆ ದಾರಿಯ ನಾಲ್ಕೇ ಲೇನ್‌ಗಳನ್ನು ಬಳಸುವ ಆರ್‌ಎಕ್ಸ್ 6400 ಅಥವಾ 6500 ಎಕ್ಸ್‌ಟಿ ಕಾರ್ಡನ್ನು ಇವುಗಳೊಂದಿಗೆ ಜೋಡಿಸಿದರೆ ಕಾರ್ಡ್ ಎದ್ದು ಕಾಣುವಷ್ಟು ಸೊರಗುತ್ತದೆ. ಎರಡು ಅಗ್ಗದ ವಸ್ತುಗಳು ಸೇರಿ ಒಂದನ್ನೊಂದು ಕೆಡಿಸುವ ಇಂಥ ಜೋಡಿಗಳನ್ನು ಯಾವ ಕೋಷ್ಟಕವೂ ತೋರಿಸುವುದಿಲ್ಲ. ವಿಚಿತ್ರವೆಂದರೆ ಹಳೆಯ 3100ಗೆ ತಕ್ಕ ಬೋರ್ಡ್ ಸಿಕ್ಕರೆ ನಾಲ್ಕನೆಯ ಪೀಳಿಗೆಯ ಪಿಸಿಐಇ ಇದೆ. ಕಾರ್ಡ್ ಕೊಳ್ಳದೆ ಒಳಗಿನ ಗ್ರಾಫಿಕ್ಸ್‌ನಲ್ಲೇ ಸಂಸಾರ ನಡೆಸುವವರಿಗೆ ಮಾತ್ರ 5600ಜಿ ಸರಿ.

ಅಕ್ಕನಿಗೆ ಯಂತ್ರ ಜೋಡಿಸಿಕೊಡುವಾಗ ಐ3-12100 ಆರಿಸಿದೆ, ಆ ಮನೆಗೆ ಹೋದಾಗಲೆಲ್ಲ ಅದನ್ನು ಬಳಸುತ್ತೇನೆ. 2022ರ ಜನವರಿಯ ಈ ಸರಕು ನಾಲ್ಕೇ ಕೋರ್‌ಗಳಿದ್ದರೂ ದಿನದ ಕೆಲಸದಲ್ಲಿ 3100ಗಿಂತ ಚುರುಕು, ಸುಮ್ಮನೆ ಕುಳಿತಾಗ ವಿದ್ಯುತ್ತನ್ನೂ ಕಡಿಮೆ ಕುಡಿಯುತ್ತದೆ. ನಂತರ ಬಂದ 13100 ಮತ್ತು 14100 ಇದೇ ಪ್ರೊಸೆಸರ್‌ಗೆ ತುಸು ವೇಗ ಹೆಚ್ಚಿಸಿ ಹೊಸ ಸಂಖ್ಯೆ ಅಂಟಿಸಿದಂಥವು. ಮೂರರಲ್ಲಿ ಯಾವುದು ಕಡಿಮೆಗೆ ಸಿಗುತ್ತದೋ ಅದನ್ನು ಕಣ್ಣುಮುಚ್ಚಿ ಕೊಳ್ಳಬಹುದು. 2024ರಲ್ಲಿ ಸುದ್ದಿಯಾದ ಇಂಟೆಲ್‌ನ 13, 14ನೆಯ ಪೀಳಿಗೆಯ ಅಸ್ಥಿರತೆಯ ದೋಷಕ್ಕೆ ಕಂಪನಿ ವಾರಂಟಿ ವಿಸ್ತರಿಸಿದ ಪಟ್ಟಿಯಲ್ಲಿ ಐ3ಗಳು ಇರಲಿಲ್ಲ. ಕೊರತೆ ಸಾಕೆಟ್‌ನದು: 2024ರ ಅಕ್ಟೋಬರ್‌ನಲ್ಲಿ ಇಂಟೆಲ್ ಬೇರೆ ಸಾಕೆಟ್‌ಗೆ ಹೋಯಿತು. ಈ ಬೋರ್ಡ್‌ನಲ್ಲಿ ಮುಂದೆ ಹತ್ತಬೇಕಾದರೆ ಅದೇ ಪೀಳಿಗೆಗಳ ಐ5, ಐ7, ಐ9ಗಳೇ ಗತಿ. ಅಕ್ಕನ ಕೆಲಸಕ್ಕೆ ಆ ಅಗತ್ಯವೇ ಬರಲಾರದು.

ಕೊಳ್ಳುವಾಗ ‘ಟ್ರೇ’ ಮತ್ತು ‘ಬಾಕ್ಸ್’ ಎಂಬ ಎರಡು ಬಗೆ ಎದುರಾಗುತ್ತವೆ. ಬಾಕ್ಸ್‌ನದ್ದಕ್ಕೆ ತಯಾರಕರ ಮೂರು ವರ್ಷದ ವಾರಂಟಿ ಇರುತ್ತದೆ. ಟ್ರೇ ಎಂದರೆ ಪೆಟ್ಟಿಗೆಯಿಲ್ಲದ ಬಿಡಿ ಸರಕು; ಕಡಿಮೆಗೆ ಸಿಗುತ್ತದೆ, ಕೂಲರ್ ಇರುವುದಿಲ್ಲ, ಹೊಣೆ ಮಾರಿದವರದ್ದು. ದಾಸ್ತಾನು ಕಡಿಮೆಯಾದ ಕಾಲದಲ್ಲಿ ಹಿಂತಿರುಗಿಸಿದ ಸರಕು ಮತ್ತೆ ಹೊಸದರ ವೇಷದಲ್ಲಿ ಬರುವುದು ಹೆಚ್ಚು. ನನಗೊಮ್ಮೆ ಒಬ್ಬ ಮಾರಾಟಗಾರರು ಸೀಲ್ ಕತ್ತರಿಸಿ ಮತ್ತೆ ಅಂಟಿಸಿದ ಪೆಟ್ಟಿಗೆ ಕಳಿಸಿದ್ದರು. ರೈಜೆನ್ ಪೆಟ್ಟಿಗೆಯ ಬದಿಯಲ್ಲಿ ಪ್ರೊಸೆಸರ್ ಕಾಣುವ ಪುಟ್ಟ ಕಿಂಡಿ ಇರುತ್ತದೆ. ಅಲ್ಲಿ ಕಾಣುವ ಮುಚ್ಚಳದ ಮೇಲಿನ ಸಂಖ್ಯೆ ಹೊರಗಿನ ಚೀಟಿಯ ಸಂಖ್ಯೆಗೆ ಹೊಂದಲಿಲ್ಲ, ತೆರೆಯದೆ ಹಾಗೆಯೇ ವಾಪಸ್ ಕಳಿಸಿದೆ. ಮುಚ್ಚಳದ ಅಂಚಿನಲ್ಲಿ ಬೂದುಬಣ್ಣದ ಪೇಸ್ಟ್‌ನ ಗುರುತು ಕಂಡರೂ ಅಷ್ಟೇ, ಅದು ಬಳಸಿದ ಸರಕು. ಬಳಸಿದ್ದನ್ನೇ ಕೊಳ್ಳುವುದಾದರೆ ತಪ್ಪೇನಿಲ್ಲ, ಪ್ರೊಸೆಸರ್‌ಗಳು ಸುಲಭಕ್ಕೆ ಸವೆಯುವುದಿಲ್ಲ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲಿ 2017ರ ರೈಜೆನ್ 5 1600 ಇಲ್ಲ, ಇಂಟೆಲ್‌ನ ಐ7-7700 ಕೂಡ ಇಲ್ಲ. ಇಂಥವನ್ನು ‘ಆರು ಕೋರ್’, ‘ಐ7’ ಎಂದು ಕೂಗಿ ಮಾರುವವರು ಇನ್ನೂ ಇದ್ದಾರೆ. ಲಿನಕ್ಸ್ ಹಾಕುವವರಿಗೆ ಈ ಚಿಂತೆಯಿಲ್ಲ.

ಎಎಂ4ರ ನಂತರದ ಸಾಕೆಟ್ ಆದ ಎಎಂ5ಗೆ ಹೋಗಬಾರದೇ ಎಂದು ಗೆಳೆಯರು ಕೇಳುತ್ತಾರೆ. 2023ರ ಜುಲೈನಲ್ಲಿ ಬಂದ ರೈಜೆನ್ 5 7500ಎಫ್ ಒಳ್ಳೆಯ ಪ್ರೊಸೆಸರ್, ಆದರೆ ಮೊದಲಿಗೆ ಅದು ಚೀನಾದ ಮಾರುಕಟ್ಟೆಗಷ್ಟೇ ಎಂದು ಬಂತು; ಹೊರಗೆ ನಿಧಾನವಾಗಿ ಹರಿದು ಬಂದದ್ದು ಆಮೇಲೆ. ಆ ಸಾಕೆಟ್‌ಗೆ ಹೊಸ ಪೀಳಿಗೆಯ ಡಿಡಿಆರ್5 ಮೆಮೊರಿಯೇ ಬೇಕು. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಗೆ ಮೆಮೊರಿ ಬೆಲೆ ಜಿಗಿದ ಮೇಲೆ ಮೂಗಿಗಿಂತ ಮೂಗುತಿ ಭಾರವಾಗಿದೆ. ಪ್ರೊಸೆಸರ್‌ನಲ್ಲಿ ಉಳಿಸಿದ್ದನ್ನು ಮೆಮೊರಿ ನುಂಗುತ್ತದೆ. ಎಎಂ4ಗೆ ಬೇಕಾದ ಡಿಡಿಆರ್4 ಕೂಡ ಏರಿದೆ, ಆದರೆ ನನ್ನ ಕಡ್ಡಿಗಳು ಹಳೆಯ ಬೆಲೆಗೆ ಕೊಂಡವು. ಸದ್ಯಕ್ಕೆ 5600 ನನ್ನ ಮೇಜಿನಲ್ಲೇ ಇರುತ್ತದೆ. 3100 ಈಗ ತಮ್ಮನ ಯಂತ್ರದಲ್ಲಿದೆ, ಅವನು ಅದರ ಮೇಲೆ ವಿಂಡೋಸ್ 11 ಓಡಿಸುತ್ತಿದ್ದಾನೆ. ನಾಲ್ಕು ಕೋರ್ ಸಾಲುತ್ತಿಲ್ಲ ಎಂದು ಅವನು ಗೊಣಗತೊಡಗಿದ್ದಾನೆ. ಅಂಗಡಿಯಲ್ಲಿ 5600 ಇನ್ನೂ ಇದೆಯೇ ಎಂದು ವಿಚಾರಿಸುವ ಕೆಲಸವನ್ನು ಅವನಿಗೇ ವಹಿಸಿದ್ದೇನೆ.