ಬಕೆಟ್ಟೋ ಬುಗುರಿಯೋ: ಕಡಲ್ಗುದುರೆ ಮರಿಗಳ ಮೂರು ಬಾಣಂತನ

ಮೊದಲ ಹೆರಿಗೆಯಲ್ಲಿ ಹತ್ತಿರ ಹತ್ತಿರ ಇನ್ನೂರು ಮರಿ. ಎರಡು ವಾರ ಕಳೆಯುವಷ್ಟರಲ್ಲಿ ಉಳಿದದ್ದು ಒಂಬತ್ತು. ಆ ಹೊಟ್ಟೆಯುರಿಗೆ ಎರಡನೇ ಮತ್ತು ಮೂರನೇ ಸಲ ಮರಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಮಾಡಿ ನೋಡಿದೆ. ಅದರ ಲೆಕ್ಕ ಇದು.

ಹುಟ್ಟೂರು ಕುಂದಾಪುರದ ಹತ್ತಿರ. ಈಗಿರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ಊರಲ್ಲಿರುವವರು ಇದನ್ನೋದಿ ತೊಟ್ಟಿ ತರಲು ಹೊರಡಬೇಡಿ. ಭಾರತದಲ್ಲಿ ಕಡಲ್ಗುದುರೆಯನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿಗೆ ಸೇರಿಸಿದ್ದಾರೆ. ಹಿಡಿಯುವುದೂ ಅಪರಾಧ, ಮಾರುವುದೂ ಅಪರಾಧ. ನನ್ನ ಜೋಡಿ ಇಲ್ಲಿನ ಸಾಕಣೆ ಕೇಂದ್ರದಲ್ಲೇ ಹುಟ್ಟಿ ಬೆಳೆದದ್ದು, ಜಾತಿ ಹಿಪ್ಪೋಕ್ಯಾಂಪಸ್ ಇರೆಕ್ಟಸ್.

ಬಸುರಾಗುವುದು ಗಂಡು. ಹೆಣ್ಣು ಅವನ ಹೊಟ್ಟೆಯ ಚೀಲಕ್ಕೆ ಮೊಟ್ಟೆ ಹಾಕಿ ಕೈತೊಳೆದುಕೊಳ್ಳುತ್ತದೆ. ಸುಮಾರು ಮೂರು ವಾರದ ಮೇಲೆ, ಹೆಚ್ಚಾಗಿ ಬೆಳಗಿನ ಜಾವ, ಅವನು ಮೈಯನ್ನು ಮುಂದಕ್ಕೆ ಮಡಚಿ ಮಡಚಿ ಮರಿಗಳನ್ನು ಹೊರಗೆ ಚಿಮ್ಮುತ್ತಾನೆ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಗಂಡ್ ಹೆರುದಾ? ಹಂಗಾರೆ ಬಾಳಂತನ ಯಾರ್ ಮಾಡುದ್ ಮಗಾ?" ಎಂದರು. ಯಾರು ಮಾಡುವುದು, ನಾನೇ. ಕಡಲ್ಗುದುರೆ ಅಪ್ಪ ಅಮ್ಮ ಇಬ್ಬರೂ ಮರಿಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಮೊದಲ ಸಲ ನಾನು ಇಟ್ಟದ್ದು 38 ಲೀಟರಿನ ಸಾದಾ ಗಾಜಿನ ತೊಟ್ಟಿ, ಮೇಲೊಂದು ದೀಪ. ಮರಿ ಒಂದು ಸೆಂಟಿಮೀಟರಿನ ಆಸುಪಾಸು, ಕೊತ್ತಂಬರಿ ಕಡ್ಡಿಯ ಚೂರಿನಂತೆ. ಆದರೆ ಮೂತಿ, ಬಾಲ ಎಲ್ಲ ಅಪ್ಪನದೇ ಅಚ್ಚು. ಬೆಳಕು ಎಲ್ಲಿದೆಯೋ ಅಲ್ಲಿಗೇ ಓಡುತ್ತವೆ. ನೀರಿನ ಮೇಲ್ಮೈಗೆ ಹೋಗಿ ಗಾಳಿ ನುಂಗಿದವು ಕೆಳಗಿಳಿಯಲಾಗದೆ ಬಾಲ ಆಡಿಸುತ್ತಾ ಅಲ್ಲೇ ತೇಲಿದವು. ಉಳಿದವು ಗಾಜಿನಲ್ಲಿ ಮಿನುಗುವ ಬೆಳಕನ್ನು ಮೂತಿಯಿಂದ ಕುಟ್ಟುತ್ತಾ ನಿಂತವು. ಊಟ ಬೆನ್ನ ಹಿಂದೆಯೇ ಇತ್ತು. ಸಾದಾ ತೊಟ್ಟಿಯ ಬಗ್ಗೆ ಇಷ್ಟು ಸಾಕು.

ಎರಡನೇ ಸಲ ಅರವತ್ತು ಮರಿ ಬಕೆಟ್ಟಿಗೆ, ಅರವತ್ತು ಕ್ರೈಸೆಲ್‌ಗೆ. ಕ್ರೈಸೆಲ್ ಅಂದರೆ ಜರ್ಮನ್ ಭಾಷೆಯಲ್ಲಿ ಬುಗುರಿ. ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲಿಕೊಂಡಿರುವ ಪುಟ್ಟ ಜೀವಿಗಳನ್ನು ಸಾಕಲು ಮಾಡಿದ ದುಂಡು ತೊಟ್ಟಿ ಅದು, ಈಗ ಅಂಬಲಿ ಮೀನಿಗೆ (ಜೆಲ್ಲಿಫಿಶ್) ಬಳಸುವುದೇ ಹೆಚ್ಚು. ಗೋಡೆಗುಂಟ ನೀರು ನಿಧಾನಕ್ಕೆ ಸುತ್ತುತ್ತದೆ, ಮರಿಯೂ ಊಟವೂ ನಡುನೀರಿನಲ್ಲೇ ತಿರುಗುತ್ತಿರುತ್ತವೆ. ನೋಡಲು ಚೆಂದವೆಂದರೆ ಅಷ್ಟು ಚೆಂದ, ರಥಬೀದಿಯ ಜಾತ್ರೆಯಲ್ಲಿ ತಿರುಗುವ ತೊಟ್ಟಿಲಲ್ಲಿ ಕೂತ ಮಕ್ಕಳ ಹಾಗೆ. ಮೇಲ್ಮೈಯಲ್ಲಿ ತೇಲಿ ಸತ್ತವು ಅದರಲ್ಲಿ ಎರಡೇ.

ಆದರೆ ನೀರು ಹೊರಹೋಗುವ ಕಡೆ ಒಂದು ಬಲೆ ಇರುತ್ತದಲ್ಲ, ಪೀಡೆ ಇರುವುದು ಅಲ್ಲಿ. ಹತ್ತನೇ ದಿನದಿಂದ ಕೆಲವು ಮರಿಗಳಿಗೆ ಬಾಲದಲ್ಲಿ ಏನನ್ನಾದರೂ ಹಿಡಿದುಕೊಳ್ಳುವ ಹುಕಿ ಬರುತ್ತದೆ. ಸಿಕ್ಕಿದ್ದು ಬಲೆ. ಹಿಡಿದವು ಬಿಡಲಿಲ್ಲ, ನೀರಿನ ಸೆಳೆತಕ್ಕೆ ಅಂಟಿಕೊಂಡವು. ಮೆತ್ತನೆಯ ಪೇಂಟಿಂಗ್ ಬ್ರಷ್ಷಿನಿಂದ ಒಂದೊಂದೇ ಬಾಲ ಬಿಡಿಸುತ್ತಾ ಕೂತ ರಾತ್ರಿಗಳಿವೆ. ಬಲೆ ಕಟ್ಟಿಕೊಂಡರೆ ತೊಟ್ಟಿ ತುಂಬಿ ಹರಿಯುತ್ತದೆ. ಒಮ್ಮೆ ಹರಿದು ಕಾರ್ಪೆಟ್ ಉಪ್ಪುನೀರು ಕುಡಿಯಿತು. ಹೆಂಡತಿ ಏನೆಂದಳು ಅನ್ನುವುದು ಈ ಹೋಲಿಕೆಗೆ ಬೇಡ.

ಬಕೆಟ್ಟು ಕಪ್ಪು ಬಣ್ಣದ್ದು, 19 ಲೀಟರ್. ಒಳಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆಯ ತುದಿಯಿಂದ ದಪ್ಪ ದಪ್ಪ ಗುಳ್ಳೆ, ಸೆಕೆಂಡಿಗೆ ಒಂದೆರಡು. ಸಣ್ಣ ಗುಳ್ಳೆ ಬರುವ ಏರ್‌ಸ್ಟೋನ್ ಹಾಕಲೇಬಾರದು, ಗುಳ್ಳೆಯನ್ನೇ ಊಟವೆಂದು ನುಂಗುತ್ತವೆ. ಕಪ್ಪು ಗೋಡೆಗೆ ಬೆಳಕು ಮಿನುಗುವುದಿಲ್ಲ, ಕಿತ್ತಳೆ ಬಣ್ಣದ ಊಟ ಎದ್ದು ಕಾಣುತ್ತದೆ. ಕಷ್ಟವೆಂದರೆ ಫಿಲ್ಟರ್ ಇಲ್ಲ. ದಿನಾ ಅರ್ಧ ನೀರು ಸಪೂರ ಕೊಳವೆಯಿಂದ ಬಿಳಿ ಬೇಸಿನ್ನಿಗೆ ಎಳೆದು, ಟಾರ್ಚ್ ಹಾಕಿ ಹುಡುಕಿ, ತಪ್ಪಿ ಬಂದ ಮರಿಗಳನ್ನು ಲೋಟದಲ್ಲಿ ವಾಪಸ್ ಬಿಡಬೇಕು.

ಮೂರು ವಾರಕ್ಕೆ ಬುಗುರಿಯಲ್ಲಿ 38, ಬಕೆಟ್ಟಿನಲ್ಲಿ 31. ಅಂಕಿ ನೋಡಿದರೆ ಬುಗುರಿ ಗೆದ್ದಿತು. ಆದರೂ ನನ್ನ ಓಟು ಬಕೆಟ್ಟಿಗೇ. ಏಳು ಮರಿಗಳ ಅಂತರಕ್ಕೆ ಬುಗುರಿ ಕೇಳಿದ ದುಡ್ಡು, ನಿದ್ದೆ ಎರಡೂ ಜಾಸ್ತಿ. ಮೇಲಾಗಿ ಬಕೆಟ್ಟಿನ ಸಾವುಗಳಲ್ಲಿ ಅರ್ಧಕ್ಕರ್ಧ ಒಂದೇ ಬೆಳಿಗ್ಗೆ ಆದದ್ದು, ಹಿಂದಿನ ರಾತ್ರಿ ನಾನು ನೀರು ಬದಲಿಸದೆ ಮಲಗಿದ್ದೆ. ಅದು ಬಕೆಟ್ಟಿನ ತಪ್ಪಲ್ಲ.

ಇನ್ನು ಊಟ. ನಿಜವಾದ ವ್ಯತ್ಯಾಸ ಕಂಡದ್ದು ಇಲ್ಲೇ. ಈ ಮರಿಗಳಿಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ, ಅಲ್ಲಿಂದ ಬೇಗ ಹೊರಕ್ಕೆ. ಹಾಗಾಗಿ ದಿನಕ್ಕೆ ನಾಲ್ಕೈದು ಸಲ ಜೀವಂತ ಊಟ ಬೇಕು. ಎಲ್ಲರೂ ಹಾಕುವುದು ಆಗ ತಾನೇ ಮೊಟ್ಟೆಯೊಡೆದ ಆರ್ಟೀಮಿಯಾ, ಸಿಗಡಿಯ ಬಳಗದ ಒಂದು ಪುಟ್ಟ ಉಪ್ಪುನೀರಿನ ಜೀವಿ: ಒಣ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ, ಸೋಡಾ ಬಾಟಲಿಯನ್ನು ತಲೆಕೆಳಗು ಮಾಡಿ ಉಪ್ಪುನೀರು, ಗಾಳಿ, ಬೆಳಕು ಕೊಟ್ಟರೆ 28 ಡಿಗ್ರಿಯಲ್ಲಿ ಒಂದು ದಿನದೊಳಗೆ ಒಡೆಯುತ್ತದೆ. ಅಗ್ಗ, ಸುಲಭ. ಕೊರತೆ ಎರಡು. ಮರಿಗಳ ಬೆಳವಣಿಗೆಗೆ ಬೇಕಾದ ಡಿಎಚ್ಎ ಎಂಬ ಕೊಬ್ಬಿನಂಶ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದು ಮೊಟ್ಟೆಯ ಸಿಪ್ಪೆ: ಅದರ ಜೊತೆ ಬ್ಯಾಕ್ಟೀರಿಯಾ ಬರುತ್ತದೆ.

ಎದುರಾಳಿ ಕೋಪೆಪಾಡ್ ಎಂಬ ಕಂಡೂ ಕಾಣದಷ್ಟು ಸಣ್ಣ ಜೀವಿ, ಇಲ್ಲಿ ಎಲ್ಲರ ಬಾಯಲ್ಲಿ 'ಪಾಡ್'. ಸಮುದ್ರದಲ್ಲಿ ಮರಿಗಳು ತಿನ್ನುವುದೇ ಇಂಥದ್ದನ್ನು, ಡಿಎಚ್ಎ ತನ್ನಲ್ಲೇ ಇದೆ. ನಾನು ಮೊದಲು ತಂದದ್ದು ಟಿಸ್ಬೆ ಜಾತಿ. ಅದು ತಳಕ್ಕೂ ಗೋಡೆಗೂ ಅಂಟಿಕೊಂಡಿರುವಂಥದ್ದು. ಮರಿಗಳು ನಡುನೀರಿನಲ್ಲಿ, ಊಟ ನೆಲದಲ್ಲಿ. ದೂರದ ಬೆಟ್ಟದ ಹಾಗೆ ನೋಡಿಕೊಂಡೇ ಇದ್ದವು. ಆಮೇಲೆ ತಂದ ಅಪೋಸೈಕ್ಲಾಪ್ಸ್ ಸರಿಹೋಯಿತು, ಅದರ ಮರಿಗಳು ನೀರಿನಲ್ಲಿ ಈಜುತ್ತವೆ. ಇನ್ನೂ ಸಣ್ಣದಾದ ರೋಟಿಫರ್ ಎಂಬ ಜೀವಿ ಬೇಕಾಗುವುದು ಹಿಪ್ಪೋಕ್ಯಾಂಪಸ್ ರೀಡಿಯಂಥ ಚಿಕ್ಕ ಬಾಯಿಯ ಕಡಲ್ಗುದುರೆ ಜಾತಿಗಳಿಗೆ. ಇರೆಕ್ಟಸ್‌ಗೆ ಆ ಉಸಾಬರಿ ಬೇಡ.

ಮೂರನೇ ಹೆರಿಗೆಯಲ್ಲಿ ಎರಡೂ ಕಡೆ ಬಕೆಟ್ಟೇ, ಐವತ್ತು ಐವತ್ತು. ಒಂದಕ್ಕೆ ಬರೀ ಆರ್ಟೀಮಿಯಾ, ಇನ್ನೊಂದಕ್ಕೆ ಮೊದಲ ಐದು ದಿನ ಪಾಡ್, ಆಮೇಲೆ ಆರ್ಟೀಮಿಯಾ. ಪಾಡ್ ನೆಗೆಯುತ್ತಾ ಈಜುತ್ತದೆ. ಮರಿ ಅದರ ಹಿಂದೆ ಹೋಗಿ, ತಲೆ ಬಗ್ಗಿಸಿ, ಗುರಿ ಹಿಡಿದು, ಚಟಕ್ಕನೆ ಎಳೆದುಕೊಳ್ಳುವುದನ್ನು ಭೂತಗನ್ನಡಿ ಹಿಡಿದು ನೋಡಬೇಕು. ಹುಟ್ಟಿ ಆರು ಗಂಟೆಯಾಗಿರುವುದಿಲ್ಲ, ಆಗಲೇ ನುರಿತ ಬೇಟೆಗಾರ. ಬರೀ ಆರ್ಟೀಮಿಯಾ ಹಾಕಿದ ಬಕೆಟ್ಟಿನ ತಳದಲ್ಲಿ ಕಿತ್ತಳೆ ಬಣ್ಣದ ಹಿಕ್ಕೆ: ಆರ್ಟೀಮಿಯಾ ಹೇಗೆ ಒಳಹೋಗಿತ್ತೋ ಹಾಗೇ ಹೊರಬಂದಿತ್ತು, ಕಾಲುಗಳ ಸಮೇತ. ಹೊಟ್ಟೆ ತುಂಬ ತಿಂದೂ ಉಪವಾಸ. ಮೂರು ವಾರಕ್ಕೆ ಪಾಡ್ ಕಡೆ 41, ಆರ್ಟೀಮಿಯಾ ಕಡೆ 29.

ಹಾಗೆಂದು ಪಾಡನ್ನೇ ಮುಂದುವರಿಸಲು ನನ್ನಿಂದಾಗಲಿಲ್ಲ. ಅದಕ್ಕೆ ಐಸೋಕ್ರೈಸಿಸ್ ಎಂಬ ಪಾಚಿ ಬೆಳೆಸಬೇಕು, ಅಂದರೆ ಮರಿಗೆ ಊಟ, ಊಟಕ್ಕೆ ಊಟ. ಪಾಚಿ ಹೆಚ್ಚು ಸುರಿದ ಒಂದೇ ದಿನ ಇಡೀ ಪಾಡ್ ಸಂಸಾರ ನಾರಿತು. ಐವತ್ತು ಮರಿ ಐದು ದಿನದಲ್ಲಿ ನಾನು ಒಂದು ತಿಂಗಳಲ್ಲಿ ಬೆಳೆಸಿದ್ದನ್ನು ಮುಗಿಸುತ್ತವೆ.

ಈ ನಡುವೆ ಆರ್ಟೀಮಿಯಾದಲ್ಲೇ ಮಾಡಿದ ಒಂದು ಬದಲಾವಣೆಯಿಂದ ಸಾವು ಎದ್ದು ಕಾಣುವಷ್ಟು ಇಳಿಯಿತು. ಮೊಟ್ಟೆಯನ್ನು ಒಂದು ಗಂಟೆ ನೆನೆಸಿ, ಬ್ಲೀಚ್ ಹಾಕಿ ಕಲಕಿದರೆ ಕಂದು ಬಣ್ಣ ಬೂದಾಗಿ, ಆಮೇಲೆ ಕಿತ್ತಳೆಯಾಗುತ್ತದೆ. ಸಿಪ್ಪೆ ಕರಗಿತೆಂದು ಅರ್ಥ. ತಕ್ಷಣ ಜರಡಿಗೆ ಹಾಕಿ ವಾಸನೆ ಹೋಗುವವರೆಗೂ ತೊಳೆಯಬೇಕು. ಸಿಪ್ಪೆಯೂ ಇಲ್ಲ, ಅದರ ಜೊತೆ ಬರುವ, ಮರಿಗಳನ್ನು ಕುಟುಕುವ ಹೈಡ್ರಾಯ್ಡ್ ಎಂಬ ಪುಟ್ಟ ಜೀವಿಯೂ ಇಲ್ಲ. ಆರನೇ ದಿನದಿಂದ, ಒಡೆದ ಆರ್ಟೀಮಿಯಾವನ್ನು ಅರ್ಧ ದಿನ ಬಿಟ್ಟು, ಅದಕ್ಕೆ ಬಾಯಿ ತೆರೆದ ಮೇಲೆ ಡಿಎಚ್ಎ ಇರುವ ದ್ರಾವಣ ತಿನ್ನಿಸಿ, ಆಮೇಲೆ ಮರಿಗಳಿಗೆ ಹಾಕುತ್ತೇನೆ.

ಗಂಡಿನ ಚೀಲ ಮತ್ತೆ ಉಬ್ಬಿದೆ, ಇವತ್ತಿಗೆ ಹದಿನಾರನೇ ದಿನ. ಕಪ್ಪು ಬಕೆಟ್ಟುಗಳೆರಡನ್ನೂ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೇನೆ, ಪಾಡ್ ಬಾಟಲಿಗೆ ಆರ್ಡರ್ ಮಾಡಿಯಾಗಿದೆ, ಈ ಸಲ ಬೆಳೆಸುವುದಿಲ್ಲ, ಐದು ದಿನಕ್ಕಾಗುವಷ್ಟು ಕೊಳ್ಳುತ್ತೇನೆ. ಬುಗುರಿಯನ್ನು ಅಂಬಲಿ ಮೀನು ಸಾಕುವ ಗೆಳೆಯ ಹೋದ ವಾರ ಬಂದು ಹೊತ್ತುಕೊಂಡು ಹೋದ.