ಬಾರ್ಸಿಲೋನಾದ್ದಲ್ಲ, ಅಟ್ಲಾಂಟೆಯ ಅಂಗಿ

ಬೆಂಗಳೂರಿನಲ್ಲಿ ಈ ಜೆರ್ಸಿ ತೊಟ್ಟು ಹೊರಬಿದ್ದ ಪ್ರತಿ ಸಲವೂ ಯಾರಾದರೊಬ್ಬರು ಮೆಸ್ಸಿಯ ಹೆಸರೆತ್ತಿ ಮಾತಿಗೆ ಇಳಿಯುತ್ತಾರೆ. ನೀಲಿ ಮತ್ತು ಕಡುಗೆಂಪು ಉದ್ದಪಟ್ಟೆಗಳನ್ನು ಕಂಡವರು ಬಾರ್ಸಿಲೋನಾ ಎಂದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನಾನು 2023ರಲ್ಲಿ ಮೆಕ್ಸಿಕೋ ನಗರದಲ್ಲಿ ಕೊಂಡು ತಂದ ಈ ಅಂಗಿ ಅಟ್ಲಾಂಟೆ ಎಂಬ, ಆಗ ಎರಡನೇ ದರ್ಜೆಯಲ್ಲಿ ಆಡುತ್ತಿದ್ದ ತಂಡದ್ದು. ಎರಡು ಮಳೆಗಾಲ ತೊಟ್ಟು ಒಗೆದ ಮೇಲೆ ಇದರ ಗುಣದೋಷಗಳನ್ನು ಬರೆಯಬಹುದು ಎನಿಸಿದೆ.

ಕೊಂಡದ್ದು ಕ್ಲಬ್ಬಿನ ಅಧಿಕೃತ ಮಳಿಗೆಯಲ್ಲಿ ಅಲ್ಲ. ಇನ್ಸುರ್ಹೆಂತೆಸ್ ರಸ್ತೆಯ ಸಿಯುದಾದ್ ದೆ ಲೋಸ್ ದೆಪೋರ್ತೆಸ್ ನಿಲ್ದಾಣದಲ್ಲಿ ಮೆಟ್ರೋಬಸ್ ಇಳಿದು ಕ್ರೀಡಾಂಗಣದ ಕಡೆ ನಡೆಯುವಾಗ, ಪಂದ್ಯದ ದಿನ ಮಾತ್ರ ತಾರ್ಪಾಲು ಕಟ್ಟಿ ಕೂರುವ ಅಂಗಡಿಯೊಂದರಲ್ಲಿ. ಅಂಗಡಿಯ ಹೆಂಗಸು ತಾನೇ ಹೊಲಿಗೆಯಂತ್ರ ಇಟ್ಟುಕೊಂಡು ಲಾಂಛನ, ನಕ್ಷತ್ರ, ಅಕ್ಷರಗಳನ್ನು ಅಂಗಿಗೆ ಕೂರಿಸಿ ಕೊಡುತ್ತಿದ್ದಳು. ಬೆಲೆ 400 ಪೆಸೊ, ಅಂದಿನ ಲೆಕ್ಕದಲ್ಲಿ ಸುಮಾರು 1,900 ರೂಪಾಯಿ.

ಮೊದಲು ಬಟ್ಟೆಯ ಮಾತು. ಪಾಲಿಯೆಸ್ಟರ್ ಸ್ವಲ್ಪ ದಪ್ಪನೆಯದು. ಎತ್ತರದ ಮೆಕ್ಸಿಕೋ ನಗರದ ತಂಪು ಸಂಜೆಗಳಿಗೆ ಹಿತವೆನಿಸಿದ್ದು ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಪಟ್ಟೆಗಳು ಮುದ್ರಿಸಿದವಲ್ಲ, ಬೇರೆ ಬೇರೆ ತುಂಡುಗಳನ್ನು ಜೋಡಿಸಿ ಹೊಲಿದವು. ಹೊಲಿಗೆ ಎಲ್ಲಿಯೂ ಬಿಟ್ಟಿಲ್ಲ. ಬಣ್ಣ ಮಾತ್ರ ಬಿಟ್ಟಿತು. ಮೊದಲ ಒಗೆತದಲ್ಲಿ ಕೆಂಪು ಇಳಿದು ಬಿಳಿ ಕಾಲರಿನ ಅಂಚು ಗುಲಾಬಿಯಾಗಿ, ಹಾಗೆಯೇ ಉಳಿಯಿತು. ಈ ಕೆಂಪನ್ನು ಅಲ್ಲಿ ‘ಗ್ರಾನಾ’ ಎನ್ನುತ್ತಾರೆ. ಪಾಪಾಸುಕಳ್ಳಿಯ ಮೇಲೆ ಸಾಕುವ ಪುಟ್ಟ ಹುಳುವಿನಿಂದ ಮೆಕ್ಸಿಕೋದವರು ಹಿಂದಿನಿಂದಲೂ ತೆಗೆಯುತ್ತ ಬಂದ ಬಣ್ಣಕ್ಕೂ ಅದೇ ಹೆಸರು. ಆ ಬಣ್ಣ ಹೀಗೆ ಸೋರುತ್ತಿರಲಿಲ್ಲವೇನೋ.

ಎದೆಯ ಲಾಂಛನದ ಕೆಳಗೆ ಹಳದಿ ದಾರದಲ್ಲಿ 1916 ಎಂಬ ಕಸೂತಿ ಇದೆ. ಕ್ಲಬ್ಬು ಆ ವರ್ಷದ ಏಪ್ರಿಲ್ 18ನ್ನು ತನ್ನ ಹುಟ್ಟುಹಬ್ಬವಾಗಿ ಎಣಿಸುತ್ತದೆ. ಮೆಕ್ಸಿಕೋ ಕ್ರಾಂತಿಯ ಗದ್ದಲ ಇನ್ನೂ ಮುಗಿಯದಿದ್ದ ಕಾಲದಲ್ಲಿ, ‘ಎಲ್ ವಾಕೇರೋ’ ಅಂದರೆ ದನಗಾಹಿ ಎಂಬ ಅಡ್ಡಹೆಸರಿನ ರೆಫೂಹಿಯೋ ಮಾರ್ತಿನೆಸ್ ನೆರೆಹೊರೆಯ ಹುಡುಗರನ್ನು ಕಟ್ಟಿಕೊಂಡು ಆರಂಭಿಸಿದ ತಂಡ ಇದು. ಮೊದಲು ಸಿನಾಲೋವಾ, ಆಮೇಲೆ ಮೊದಲ ಮಹಾಯುದ್ಧದಲ್ಲಿ ಮುಳುಗಿದ ಹಡಗಿನ ನೆನಪಿಗೆ ಲೂಸಿಟೇನಿಯಾ, ಅದಾದ ಮೇಲೆ ಜರ್ಮನ್ ಜಲಾಂತರ್ಗಾಮಿಯೊಂದರ ಹೆಸರಾದ ಯು-53, ಕೊನೆಗೆ ಅಟ್ಲಾಂಟಿಕ್ ಸಾಗರದ ಕದನಗಳನ್ನು ನೆನೆದು ಅಟ್ಲಾಂಟೆ. ಮುಳುಗಿದ ಹಡಗಿನ ಹೆಸರನ್ನೂ ಮುಳುಗಿಸುವ ನೌಕೆಯ ಹೆಸರನ್ನೂ ಒಂದೇ ತಂಡ ಇಟ್ಟುಕೊಂಡಿತ್ತೆಂದರೆ, ಆ ಹುಡುಗರಿಗೆ ಯುದ್ಧದಲ್ಲಿ ಯಾರ ಪಕ್ಷವೂ ಮುಖ್ಯವಾಗಿರಲಿಲ್ಲ, ಪತ್ರಿಕೆಯಲ್ಲಿ ದೊಡ್ಡದಾಗಿ ಬಂದ ಹೆಸರೇ ಸಾಕಾಗಿತ್ತು ಎಂದು ಕಾಣುತ್ತದೆ.

ಕುತ್ತಿಗೆಯ ಹಿಂಭಾಗದಲ್ಲಿ ಹೊಲಿದಿರುವ ‘ಜನರ ತಂಡ’ ಎಂಬ ಸ್ಪ್ಯಾನಿಷ್ ಮಾತು ಬರಿಯ ಜಾಹೀರಾತಲ್ಲ. ಮೆಕ್ಸಿಕೋ ನಗರದಲ್ಲಿ ಸ್ಪೇನಿನಿಂದ ಬಂದ ಸಿರಿವಂತರು ಎಸ್ಪಾನ್ಯಾ, ಅಸ್ತೂರಿಯಾಸ್ ಮುಂತಾದ ಕ್ಲಬ್ಬುಗಳ ಬೆನ್ನಿಗಿದ್ದ ಕಾಲದಲ್ಲಿ ಕೂಲಿ ಕಾರ್ಮಿಕರ ಮಕ್ಕಳು ಆಡುತ್ತಿದ್ದ ಈ ತಂಡವನ್ನು ‘ಪ್ರಿಯೆತಿತೋಸ್’ ಎಂದು ಕರೆದರು. ನಮ್ಮ ಮನೆಗಳಲ್ಲಿ ಮುದ್ದಿನಿಂದಲೂ ತಾತ್ಸಾರದಿಂದಲೂ ‘ಕರಿಯ’ ಎನ್ನುವಂಥ ಮಾತು ಅದು. ಆ ಕರಿಯರಲ್ಲೊಬ್ಬ, ‘ಬುಗುರಿ’ ಎಂಬ ಅಡ್ಡಹೆಸರಿನ ಹುವಾನ್ ಕರ್ರೆನ್ಯೋ, 1930ರ ಜುಲೈ 13ರಂದು ಫ್ರಾನ್ಸ್ ವಿರುದ್ಧ ವಿಶ್ವಕಪ್ಪಿನಲ್ಲಿ ಮೆಕ್ಸಿಕೋದ ಮೊಟ್ಟಮೊದಲ ಗೋಲು ಹೊಡೆದ. ಪಂದ್ಯವನ್ನು ಮೆಕ್ಸಿಕೋ 4-1ರಿಂದ ಸೋತಿತು. ಇವತ್ತಿಗೂ ಅಭಿಮಾನಿಗಳು ಎದುರಾಳಿಗಳಿಗೆ ‘ನಿಮಗೆ ಹಿಡಿಸಲಿ ಬಿಡಲಿ, ಅಟ್ಲಾಂಟೆಯೇ ನಿಮ್ಮಪ್ಪ’ ಎಂದು ಕೂಗುತ್ತಾರೆ. ಆ ಕೂಗಿನ ಕೊನೆಯ ಸಾಲು ಇಲ್ಲಿ ಬರೆಯುವಂಥದ್ದಲ್ಲ.

ಲಾಂಛನದ ಮೇಲೆ ಮೂರು ನಕ್ಷತ್ರಗಳಿವೆ. 1943ರಲ್ಲಿ ವೃತ್ತಿಪರ ಲೀಗ್ ಶುರುವಾದ ಮೇಲೆ ಮೊದಲ ದರ್ಜೆಯಲ್ಲಿ ಗೆದ್ದ ಪ್ರಶಸ್ತಿಗಳು ಅಷ್ಟೇ. ಮೊದಲನೆಯದು 1946-47ರದ್ದು, ಒರಾಸಿಯೋ ಕಸಾರಿನ್ ಇದ್ದ ತಂಡದ್ದು. ಆತ ಇದಕ್ಕೆ ಮುಂಚೆ ನೆಕಾಕ್ಸಾ ತಂಡದಲ್ಲಿದ್ದಾಗ, 1939ರ ಪಂದ್ಯವೊಂದರಲ್ಲಿ ಎದುರಾಳಿಗಳು ಅವನ ಕಾಲಿಗೆ ಪೆಟ್ಟು ಮಾಡಿದರೆಂದು ಸಿಟ್ಟಿಗೆದ್ದ ಜನ ಪಾರ್ಕೆ ಅಸ್ತೂರಿಯಾಸ್ ಕ್ರೀಡಾಂಗಣದ ಮರದ ಮೆಟ್ಟಿಲುಗಳಿಗೆ ಬೆಂಕಿ ಇಟ್ಟಿದ್ದರು. ಎರಡನೆಯ ನಕ್ಷತ್ರಕ್ಕೆ 46 ವರ್ಷ ಕಾಯಬೇಕಾಯಿತು. ನಡುವೆ ಎರಡು ಸಲ ಕೆಳದರ್ಜೆಗೆ ಬಿದ್ದು ಎರಡು ಸಲವೂ ಮರುವರ್ಷವೇ ಮೇಲೆದ್ದು ಬಂದ ತಂಡ, 1992-93ರಲ್ಲಿ ರಿಕಾರ್ದೊ ಲಾ ವೋಲ್ಪೆ ಅವರ ಗರಡಿಯಲ್ಲಿ ಪಳಗಿ, ಅಂತಿಮ ಹಣಾಹಣಿಯ ಎರಡು ಪಂದ್ಯಗಳಲ್ಲಿ ಮೊಂತೆರ್ರೇ ತಂಡವನ್ನು ಒಟ್ಟು 4-0ರಿಂದ ಸೋಲಿಸಿತು.

ಮೂರನೆಯ ನಕ್ಷತ್ರದ ದಾರ ನನ್ನ ಅಂಗಿಯಲ್ಲಿ ಸ್ವಲ್ಪ ಸಡಿಲ. ಅದು ಮನೆಬಿಟ್ಟು ಹೋಗಿ ಗೆದ್ದ ಪ್ರಶಸ್ತಿ. ಅಟ್ಲಾಂಟೆಗೆ ಸ್ವಂತ ಮನೆಯೆಂಬುದು ಸರಿಯಾಗಿ ಎಂದೂ ಇರಲಿಲ್ಲ. ಕ್ವೆರೆತಾರೋ, ನೆಸಾವಾಲ್ಕೋಯೋಟ್ಲ್, ಅಸ್ತೆಕಾ ಎಂದು ಬಾಡಿಗೆಮನೆ ಬದಲಿಸಿದ ಹಾಗೆ ಬದಲಿಸಿ, 2007ರಲ್ಲಿ ಸಮುದ್ರದಂಡೆಯ ಪ್ರವಾಸಿನಗರ ಕಾನ್‌ಕೂನ್‌ಗೆ ಹೋಯಿತು. ಹೋದ ವರ್ಷವೇ, 1993ರ ತಂಡದಲ್ಲಿ ಆಡಿದ್ದ ಹೋಸೆ ಗ್ವಾದಲೂಪೆ ಕ್ರೂಸ್ ತರಬೇತುದಾರರಾಗಿ, ರಾಜಧಾನಿಯದೇ ಆದ ಪೂಮಾಸ್ ತಂಡವನ್ನು ಮಣಿಸಿ ಪ್ರಶಸ್ತಿ ತಂದುಕೊಟ್ಟರು. ಅಲ್ಲಿಂದಲೇ ಖಂಡದ ಚಾಂಪಿಯನ್ ಆಗಿ, 2009ರ ಡಿಸೆಂಬರಿನಲ್ಲಿ ಅಬುಧಾಬಿಯ ಕ್ಲಬ್ ವಿಶ್ವಕಪ್ಪಿನ ಸೆಮಿಫೈನಲ್‌ನಲ್ಲಿ, ಜನ ನನ್ನನ್ನು ಯಾವ ತಂಡದ ಅಭಿಮಾನಿ ಎಂದು ತಿಳಿಯುತ್ತಾರೋ ಅದೇ ಬಾರ್ಸಿಲೋನಾವನ್ನು ಎದುರಿಸಿತು. ಆಟ ಶುರುವಾಗಿ ಐದನೇ ನಿಮಿಷಕ್ಕೆ ಗಿಯೆರ್ಮೋ ರೋಹಾಸ್ ಗೋಲು ಹೊಡೆದು ಮುನ್ನಡೆ ಕೊಟ್ಟ. ಬುಸ್ಕೆಟ್ಸ್ ಸಮ ಮಾಡಿದ, ಬೆಂಚಿನಿಂದ ಎದ್ದು ಬಂದ ಮೆಸ್ಸಿ ಒಂದು ಹೊಡೆದ, ಪೆದ್ರೊ ಇನ್ನೊಂದು; 3-1. ದಾರಿಯಲ್ಲಿ ಮೆಸ್ಸಿಯ ಹೆಸರೆತ್ತುವವರಿಗೆ ನಾನು ಹೇಳುವುದು ಆ ಮೊದಲ ಅರ್ಧಗಂಟೆಯ ಕಥೆಯನ್ನು.

2014ರಲ್ಲಿ ಮತ್ತೆ ಕೆಳದರ್ಜೆಗೆ ಬಿತ್ತು. ಈ ಸಲ ಮರುವರ್ಷ ಏಳಲಿಲ್ಲ. 2020ರಲ್ಲಿ ರಾಜಧಾನಿಗೆ ಮರಳಿತು, ಅದೇ ವರ್ಷ ಮೆಕ್ಸಿಕೋದ ಫುಟ್ಬಾಲ್ ಆಡಳಿತಗಾರರು ಬಡ್ತಿ, ಹಿಂಬಡ್ತಿಗಳನ್ನು ಕೆಲವು ವರ್ಷಗಳ ಮಟ್ಟಿಗೆ ನಿಲ್ಲಿಸಿ ಎರಡನೇ ದರ್ಜೆಗೆ ‘ಲೀಗಾ ದೆ ಎಕ್ಸ್‌ಪಾನ್ಸಿಯೋನ್’ ಎಂದು ಹೊಸ ಹೆಸರಿಟ್ಟರು. ಕೆಳಗಿನ ಕ್ಲಬ್ಬುಗಳ ಹಣಕಾಸು ಸುಧಾರಿಸಲೆಂದು ಮಾಡಿದ ಏರ್ಪಾಡು ಎಂಬುದು ಅವರ ಸಮರ್ಥನೆ. ಆದರೆ ಗೆದ್ದರೂ ಮೇಲೆ ಹೋಗಲಾಗದ, ಸೋತರೂ ಕೆಳಗೆ ಬೀಳದ ಆಟಕ್ಕೆ ಜನ ಯಾಕೆ ಬರಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. 2021ರಲ್ಲೂ 2022ರಲ್ಲೂ ಅಟ್ಲಾಂಟೆ ಅಪೆರ್ತೂರಾ, ಅಂದರೆ ವರ್ಷದ ಎರಡನೇ ಅರ್ಧದ, ಋತುವಿನ ಕಪ್ಪು ಗೆದ್ದು, ಇದ್ದಲ್ಲೇ ಉಳಿಯಿತು.

ಈ ಎರಡು ಕಪ್ಪುಗಳಿಗೆ ಅಂಗಿಯ ಮೇಲೆ ಗುರುತಿಲ್ಲ. ಚಿಕ್ಕದೊಂದು ನಕ್ಷತ್ರವನ್ನಾದರೂ ಬೇರೆ ಬಣ್ಣದಲ್ಲಿ ಹಾಕಬಹುದಲ್ಲ ಎಂದು ನನ್ನ ಅರೆಬರೆ ಸ್ಪ್ಯಾನಿಷ್‌ನಲ್ಲಿ ಕೇಳಿದೆ. ಹೊಲಿಗೆಯಂತ್ರದಿಂದ ತಲೆ ಎತ್ತದೆಯೇ ಅವಳು, ‘ಅವೆಲ್ಲ ಎಣಿಕೆಗೆ ಬರುವುದಿಲ್ಲ ಕಣಪ್ಪ’ ಎಂಬರ್ಥದ ಮಾತು ಹೇಳಿ ಚಿಲ್ಲರೆ ಕೊಟ್ಟಳು. ವಿಮರ್ಶಕನಾಗಿ ನನಗೆ ಇದನ್ನು ಕುಂದೆಂದು ಬರೆಯಬೇಕೆನಿಸಿತ್ತು. ಕ್ರೀಡಾಂಗಣದೊಳಗೆ ಹೋದ ಮೇಲೆ ಅವಳ ಲೆಕ್ಕವೇ ಸರಿ ಎನಿಸಿತು. ಬೀದಿಯ ಮಟ್ಟಕ್ಕಿಂತ ಕೆಳಗೆ ಗುಂಡಿಯಂತೆ ತೋಡಿ ಕಟ್ಟಿ, 1946ರಲ್ಲಿ ತೆರೆದ ಈ ಕ್ರೀಡಾಂಗಣ ಎಂಬತ್ತರ ದಶಕದಿಂದ 1996ರವರೆಗೆ ಅಟ್ಲಾಂಟೆಯ ಬಣ್ಣಗಳ ಮೇಲಿಂದ ‘ಅಸುಲ್‌ಗ್ರಾನಾ’ ಎನಿಸಿಕೊಂಡಿತ್ತು. ಕ್ರೂಸ್ ಅಸುಲ್ ತಂಡ ಬಂದು ನೆಲೆಸಿದ ಮೇಲೆ ಆ ಹೆಸರಿನಿಂದ ಕೆಂಪನ್ನು ತೆಗೆದು ‘ಅಸುಲ್’, ಅಂದರೆ ಬರಿಯ ನೀಲಿ, ಎಂದಷ್ಟೇ ಉಳಿಸಿದರು. ಸುಮಾರು ಮೂವತ್ತಮೂರು ಸಾವಿರ ಜನ ಹಿಡಿಸುವ ಆ ಗುಂಡಿಯಲ್ಲಿ ಅಂದು ಒಂದು ಮೂಲೆ ಮಾತ್ರ ತುಂಬಿತ್ತು, ಮತ್ತು ಆ ಮೂಲೆ ತೊಂಬತ್ತು ನಿಮಿಷವೂ ಬಾಯಿ ಮುಚ್ಚಲಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಅಳತೆ ಅಲ್ಲಿ ತುಸು ಬಿಗಿ, ನಮ್ಮ ‘ಎಂ’ ತೊಡುವವರು ‘ಎಲ್’ ಕೇಳಬೇಕು. ಮೊದಲ ಎರಡು ಸಲ ಉಪ್ಪು ಹಾಕಿದ ತಣ್ಣೀರಿನಲ್ಲಿ ಬೇರೆಯಾಗಿ ನೆನೆಸಿ, ನೆರಳಲ್ಲಿ ಒಣಗಿಸಿ. ಬಟ್ಟೆಗೆ ಐದಕ್ಕೆ ಮೂರು, ಹೊಲಿಗೆಗೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ಮೂರನೇ ನಕ್ಷತ್ರದ ಆ ಸಡಿಲ ದಾರಕ್ಕೆ.